ಬ್ರೇಕ್ ಪೆಡಲ್ ಕೆಳಗೆ ಹೋಗ್ತಿದೆ, ಏರ್ ತೆಗೆದರೂ ಸರಿಹೋಗಿಲ್ಲ: ಎಲ್ಲಿಂದ ಹುಡುಕೋದು? (ಚರ್ಚೆ; ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು)

ನಾಲ್ಕನೇ ಗೇರ್

ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್, ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಇದೆ. ಮುಂದಿನ ಡಿಸ್ಕ್, ಅದನ್ನ ಹಿಡಿಯೋ ಪ್ಯಾಡ್, ಹಿಂದಿನ ಡ್ರಮ್ಮಿಗೆ ಒಳಗಿಂದ ಒತ್ತೋ ಶೂ ಎಲ್ಲ ಹೊಸದಾಗಿ ಹಾಕಿಸಿದ ಮೇಲೆ ಪೆಡಲ್ ಮೊದಲಿಗಿಂತ ಕೆಳಗೆ ಹೋಗ್ತಿದೆ. ಮೊದಲ ಸಲ ತುಳಿದರೆ ಅರ್ಧಕ್ಕಿಂತ ಕೆಳಗೆ ಹೋಗಿ ಹಿಡಿಯುತ್ತೆ, ಕೂಡಲೇ ಇನ್ನೊಂದು ಸಲ ತುಳಿದರೆ ಮೇಲೇ ಸಿಗುತ್ತೆ. ನಾಲ್ಕೂ ಚಕ್ರದ ಬ್ರೇಕ್ ಲೈನಿನಿಂದ ಏರ್ ತೆಗೆದಿದ್ದಾರೆ, ಗುಳ್ಳೆ ಬರೋದು ನಿಂತಿದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗಿಲ್ಲ, ಚಕ್ರದ ಹತ್ತಿರ ಎಲ್ಲೂ ಒದ್ದೆ ಇಲ್ಲ. ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಭಾಗ) ಬದಲಾಯಿಸಬೇಕು ಅಂತ ವರ್ಕ್‌ಶಾಪಿನಲ್ಲಿ ಹೇಳ್ತಿದ್ದಾರೆ. ಅದಕ್ಕೆ ಕೈ ಹಾಕೋ ಮುಂಚೆ ಏನೇನು ಪರೀಕ್ಷೆ ಮಾಡಬಹುದು?

ಹತ್ತರ ಸ್ಪ್ಯಾನರ್

ಮಾಸ್ಟರ್ ಸಿಲಿಂಡರ್ ತರೋದನ್ನ ಸದ್ಯಕ್ಕೆ ಬಿಡಿ ಸರ್. ನೀವು ಹೇಳ್ತಿರೋ ಲಕ್ಷಣ ಬೇರೆ ಕಡೆ ಬೊಟ್ಟು ಮಾಡ್ತಿದೆ. ಕಾರನ್ನ ಮಾತ್ರ ಸರಿಯಾಗೋವರೆಗೂ ರಸ್ತೆಗೆ ಇಳಿಸಬೇಡಿ.

ಪೆಡಲ್ ಕೆಡೋದು ಮೂರು ಥರ. ಒಂದು, ತುಳಿದಷ್ಟೂ ಬಗ್ಗುತ್ತೆ, ಗಟ್ಟಿಯಾಗಿ ನಿಲ್ಲೋ ಜಾಗವೇ ಸಿಗಲ್ಲ, ಸ್ಪಂಜಿನ ಮೇಲೆ ಕಾಲಿಟ್ಟ ಹಾಗಿರುತ್ತೆ. ಲೈನಿನಲ್ಲಿ ಗಾಳಿ, ಉಬ್ಬುವ ಹೋಸ್, ನೆಟ್ಟಗೆ ಕೂರದ ಪ್ಯಾಡ್, ಇವುಗಳಲ್ಲಿ ಒಂದು ಕಾರಣ. ಎರಡು, ಕಾಲು ಇಟ್ಟುಕೊಂಡಿದ್ದ ಹಾಗೇ ಪೆಡಲ್ ಮೆಲ್ಲಗೆ ನೆಲದ ಕಡೆ ಇಳಿಯುತ್ತೆ. ಆಯಿಲ್ ಎಲ್ಲೋ ಹೊರಗೆ ಸೋರ್ತಿದೆ, ಇಲ್ಲಾ ಮಾಸ್ಟರ್ ಒಳಗಿನ ಸೀಲ್ ದಾಟಿ ಡಬ್ಬಿಗೆ ವಾಪಸ್ ಹೋಗ್ತಿದೆ ಅಂತ ಅರ್ಥ. ಮೂರು, ಮೊದಲ ತುಳಿತಕ್ಕೆ ಕೆಳಗೆ ಹೋಗುತ್ತೆ, ಆದರೆ ಅಲ್ಲಿ ಗಟ್ಟಿಯಾಗೇ ನಿಲ್ಲುತ್ತೆ, ಎರಡನೇ ತುಳಿತಕ್ಕೆ ಮೇಲೆ ಸಿಗುತ್ತೆ. ಇದು ಗಾಳಿಯ ಲಕ್ಷಣ ಅಲ್ಲ. ಶೂಗೂ ಡ್ರಮ್ಮಿಗೂ, ಅಥವಾ ಪ್ಯಾಡಿಗೂ ಡಿಸ್ಕಿಗೂ ನಡುವೆ ಗ್ಯಾಪ್ ಜಾಸ್ತಿ ಇದೆ. ಮೊದಲ ತುಳಿತದ ಆಯಿಲೆಲ್ಲ ಆ ಗ್ಯಾಪ್ ಮುಚ್ಚೋದಕ್ಕೇ ಖರ್ಚಾಗುತ್ತೆ.

ಗಾಳಿ ಇದ್ದರೂ ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲ್ ಸ್ವಲ್ಪ ಮೇಲೆ ಬರುತ್ತೆ ಅನ್ನೋದು ನಿಜ. ವ್ಯತ್ಯಾಸ ಏನಂದ್ರೆ, ಗಾಳಿ ಇದ್ದಾಗ ಮೇಲೆ ಬಂದ ಪೆಡಲ್ಲೂ ಸ್ಪ್ರಿಂಗ್ ಥರ ಕುಣಿಯುತ್ತೆ. ಗ್ಯಾಪ್ ಇದ್ದಾಗ ಮೇಲೆ ಬಂದ ಪೆಡಲ್ ಮರದ ಹಲಗೆಯಷ್ಟು ಗಟ್ಟಿ ಇರುತ್ತೆ.

ಈಗ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ, ಇಂಜಿನ್ ಆಫ್. ಐದಾರು ಸಲ ಪೆಡಲ್ ತುಳಿದು ಕಾಲಿನ ಬಲ ಹೆಚ್ಚಿಸೋ ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ. ಅರ್ಧ ನಿಮಿಷ ಬಿಟ್ಟು ಒಂದೇ ಸಲ ತುಳಿದು ಎಷ್ಟು ಕೆಳಗೆ ಹೋಯ್ತು ನೋಡಿ. ಆಮೇಲೆ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮತ್ತೆ ಅರ್ಧ ನಿಮಿಷ ಬಿಟ್ಟು ಒಂದೇ ಸಲ ತುಳಿಯಿರಿ. ಹ್ಯಾಂಡ್‌ಬ್ರೇಕ್ ಹಾಕಿದಾಗ ಪೆಡಲ್ ಎದ್ದು ಕಾಣುವಷ್ಟು ಮೇಲೇ ನಿಂತರೆ ತೊಂದರೆ ಹಿಂದಿನ ಡ್ರಮ್ಮಿನಲ್ಲೇ ಇದೆ. ಕೇಬಲ್ ಶೂಗಳನ್ನ ಮೊದಲೇ ಡ್ರಮ್ಮಿಗೆ ಒತ್ತಿಟ್ಟಿರುತ್ತೆ, ಹಾಗಾಗಿ ಆಯಿಲ್ ಆ ಕೆಲಸ ಮಾಡಬೇಕಿಲ್ಲ. ಒಂದೂ ನಟ್ ಬಿಚ್ಚದೆ ಸಿಗೋ ಉತ್ತರ ಇದು.

ಕರಿಗ್ರೀಸ್

ಮೇಲಿನ ಮಾತಿಗೆ ನನ್ನದೂ ಸಹಿ. ಆದರೂ ಮಾಸ್ಟರ್ ಮೇಲೆ ಅನುಮಾನ ಬಂದಿರೋದರಿಂದ ಅದನ್ನೂ ಪರೀಕ್ಷಿಸಿಯೇ ಪಕ್ಕಕ್ಕಿಡಿ.

ವ್ಯಾಕ್ಯೂಮ್ ಖಾಲಿ ಮಾಡಿದ ಮೇಲೆ ಪೆಡಲ್ಲನ್ನ ಹಗುರವಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಆಮೇಲೆ ಜೋರಾಗಿ ಒತ್ತಿ ಇನ್ನೊಂದು ನಿಮಿಷ. ತುಂಬ ಜನ ಜೋರಾಗಿ ಮಾತ್ರ ಒತ್ತಿ ನೋಡಿ ಮಾಸ್ಟರ್ ಚೆನ್ನಾಗಿದೆ ಅಂತ ತೀರ್ಮಾನ ಮಾಡ್ತಾರೆ. ಸವೆದ ಕಪ್ ಸೀಲ್ ಒತ್ತಡ ಜಾಸ್ತಿ ಇದ್ದಾಗ ಅಗಲವಾಗಿ ಗೋಡೆಗೆ ಅಂಟಿಕೊಂಡು ಆಯಿಲ್ ಹಿಡಿಯುತ್ತೆ, ಒತ್ತಡ ಕಮ್ಮಿ ಇದ್ದಾಗಲೇ ಬಿಟ್ಟುಕೊಡೋದು. ಸಿಗ್ನಲ್ಲಿನಲ್ಲಿ ಹಗುರವಾಗಿ ಕಾಲಿಟ್ಟಾಗ ಇಳಿಯೋ ಪೆಡಲ್, ಜೋರಾಗಿ ತುಳಿದಾಗ ಗಟ್ಟಿಯಾಗೋದು ಇದಕ್ಕೇ. ಎರಡೂ ಸಲ ಪೆಡಲ್ ಕದಲದಿದ್ದರೆ ಮಾಸ್ಟರನ್ನ ದೂರಬೇಡಿ.

ಈ ಪರೀಕ್ಷೆ ಇಂಜಿನ್ ಓಡ್ತಿರುವಾಗ ಮಾಡಬಾರದು. ಬೂಸ್ಟರ್ ಕಾಲಿಗೆ ಬಲ ಕೊಡ್ತಿರುತ್ತೆ, ಪೂರ್ತಿ ಭಾರ ಹಾಕಿ ಒತ್ತಿದರೆ ಒಳ್ಳೇ ಕಾರಿನ ಪೆಡಲ್ಲೂ ಇನ್ನಷ್ಟು ಇಳಿಯುತ್ತೆ. ಅದನ್ನ ನೋಡಿ ಹೆದರಿ ಚೆನ್ನಾಗಿರೋ ಮಾಸ್ಟರ್ ಬಿಚ್ಚೋದು ಸುಮ್ಮನೆ ದಂಡ. ಬೂಸ್ಟರ್ ಚೆನ್ನಾಗಿದೆಯಾ ಅಂತ ನೋಡಬೇಕಿದ್ದರೆ ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ಒತ್ತಿ ಹಿಡಿದುಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಿ ನಿಂತರೆ ಬೂಸ್ಟರ್ ಸರಿ ಇದೆ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಾಗುತ್ತೆ, ಮೆತ್ತಗಾಗಲ್ಲ.

ಇನ್ನೂ ಖಚಿತ ಬೇಕಾದರೆ ಮಾಸ್ಟರಿನ ಎರಡೂ ಔಟ್‌ಲೆಟ್ ಪೈಪ್ ಬಿಚ್ಚಿ, ಅದೇ ಥ್ರೆಡ್ಡಿನ ಪ್ಲಗ್ ಹಾಕಿ ಮುಚ್ಚಿ. ಸಾಮಾನ್ಯವಾಗಿ ಎಂ10×1, ಕೆಲವು ಕಡೆ ಎಂ12×1 ಇರುತ್ತೆ, ಪೈಪ್ ನಟ್ ನೋಡಿಯೇ ಪ್ಲಗ್ ತನ್ನಿ. ಔಟ್‌ಲೆಟ್ಟಿನ ತಳದಲ್ಲಿ ಪೈಪಿನ ಬಾಯಿ ಕೂರೋ ಆಕಾರಕ್ಕೆ ಪ್ಲಗ್ಗಿನ ತುದಿಯೂ ಹೊಂದಬೇಕು, ಇಲ್ಲದಿದ್ದರೆ ಸೋರುತ್ತೆ. ಪ್ಲಗ್ ಹಾಕಿ ಮಾಸ್ಟರಿನ ಗಾಳಿ ತೆಗೆದ ಮೇಲೆ ಪೆಡಲ್ ಒಂದೆರಡು ಸೆಂಟಿಮೀಟರಿನಲ್ಲೇ ಗೋಡೆಯಂತೆ ನಿಲ್ಲಬೇಕು. ನಿಂತರೆ ಮಾಸ್ಟರ್ ಚೆನ್ನಾಗಿದೆ, ತೊಂದರೆ ಅದರಿಂದ ಆಚೆ.

ಡಬ್ಬಿಯಲ್ಲಿ ಆಯಿಲ್ ಇಳಿತಿದೆ, ಎಲ್ಲೂ ಒದ್ದೆ ಕಾಣ್ತಿಲ್ಲ ಅನ್ನೋರು ಮಾಸ್ಟರನ್ನ ಬೂಸ್ಟರಿಗೆ ಹಿಡಿದಿರೋ ಎರಡು ನಟ್ ಬಿಚ್ಚಿ ಮಾಸ್ಟರನ್ನ ಒಂದಿಷ್ಟು ಮುಂದಕ್ಕೆ ಎಳೆದು ಹಿಂಬದಿ ನೋಡಿ. ಹಿಂದಿನ ಸೀಲ್ ಹೋಗಿದ್ದರೆ ಆಯಿಲ್ ಬೂಸ್ಟರ್ ಹೊಟ್ಟೆಯೊಳಗೆ ಸೇರ್ತಾ ಇರುತ್ತೆ.

ನಾಲ್ಕನೇ ಗೇರ್

ಮೂರೂ ಪರೀಕ್ಷೆ ಮಾಡಿದೆ. ಹಗುರವಾಗಿ, ಜೋರಾಗಿ ಎರಡೂ ರೀತಿ ಹಿಡಿದರೂ ಪೆಡಲ್ ಇಳಿಯಲಿಲ್ಲ. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದಾಗ ಪೆಡಲ್ ಸುಮಾರು ಎರಡು ಬೆರಳಷ್ಟು ಮೇಲೇ ನಿಲ್ಲುತ್ತೆ. ಆದರೂ ಪೂರ್ತಿ ಗಟ್ಟಿ ಅನ್ನಿಸ್ತಿಲ್ಲ, ಕೊನೆಯಲ್ಲಿ ಒಂದು ಚೂರು ಬಗ್ಗುತ್ತೆ.

ಬಿಸಿ ಡಿಸ್ಕ್

ಎರಡು ಬೆರಳು ಅಂದ್ರೆ ಲೆಕ್ಕ ಸರಿಹೋಗುತ್ತೆ. ಗ್ಯಾಪ್ ಎಷ್ಟು ಪೆಡಲ್ ತಿನ್ನುತ್ತೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿದರೆ ಈ ವಿಷಯ ಮರೆತುಹೋಗಲ್ಲ, ಅದಕ್ಕೇ ಬರೀತಿದ್ದೀನಿ.

ಮಾಸ್ಟರ್ ಬೋರ್, ಅಂದ್ರೆ ಸಿಲಿಂಡರಿನ ಒಳವ್ಯಾಸ, 20.64 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 335 ಚದರ ಮಿ.ಮೀ. ಹಿಂದಿನ ಡ್ರಮ್ಮಿನಲ್ಲಿ ಶೂಗಳನ್ನ ತಳ್ಳೋ ವೀಲ್ ಸಿಲಿಂಡರ್ ಬೋರ್ 19.05 ಮಿ.ಮೀ. ಆದರೆ 285 ಚದರ ಮಿ.ಮೀ. ಒಂದು ವೀಲ್ ಸಿಲಿಂಡರಿನಲ್ಲಿ ಎರಡು ಪಿಸ್ಟನ್, ಎರಡು ಚಕ್ರಕ್ಕೆ ನಾಲ್ಕು. ಪ್ರತಿ ಪಿಸ್ಟನ್ನೂ ಬೇಕಾದ್ದಕ್ಕಿಂತ 1 ಮಿ.ಮೀ. ಹೆಚ್ಚು ಸರಿಯಬೇಕಾದರೆ 1,140 ಘನ ಮಿ.ಮೀ., ಅಂದ್ರೆ ಒಂದು ಮಿ.ಲೀ.ಗಿಂತ ಚೂರು ಹೆಚ್ಚು ಆಯಿಲ್ ಬೇಕು. ಅಷ್ಟು ತಳ್ಳೋಕೆ ಮಾಸ್ಟರ್ ಪಿಸ್ಟನ್ 3.4 ಮಿ.ಮೀ. ಹೋಗಬೇಕು. ಪೆಡಲ್ ಅನುಪಾತ 4ಕ್ಕೆ 1 (ಪೆಡಲ್ 4 ಮಿ.ಮೀ. ಇಳಿದರೆ ಪಿಸ್ಟನ್ 1 ಮಿ.ಮೀ.) ಇದ್ದರೆ ಕಾಲಿನ ಕೆಳಗೆ 14 ಮಿ.ಮೀ. ಗ್ಯಾಪ್ 2 ಮಿ.ಮೀ. ಇದ್ದರೆ 27 ಮಿ.ಮೀ. ಡ್ರಮ್ ಒಳಗೆ ಕಣ್ಣಿಗೂ ಕಾಣದಷ್ಟು ಸಡಿಲ, ಕಾಲಿಗೆ ಒಂದು ಇಂಚು.

ಮುಂದಿನ ಡಿಸ್ಕಿನಲ್ಲಿ ಇನ್ನೂ ಸೂಕ್ಷ್ಮ. ಪ್ಯಾಡುಗಳನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರಿನ 54 ಮಿ.ಮೀ. ಪಿಸ್ಟನ್ ಎರಡೂ ಕಡೆ ಬರೀ ಅರ್ಧ ಮಿ.ಮೀ. ಹಿಂದೆ ಸರಿದರೆ ಅದೇ 27 ಮಿ.ಮೀ. ಪೆಡಲ್ ಹೋಗುತ್ತೆ. ಡಿಸ್ಕ್ ಓಲಾಡಿದರೆ ಅಥವಾ ವೀಲ್ ಬೇರಿಂಗ್ ಆಟ ಬಂದಿದ್ದರೆ ತಿರುವಿನಲ್ಲಿ ಪ್ಯಾಡ್ ಹಿಂದಕ್ಕೆ ತಳ್ಳಿಸಿಕೊಳ್ಳೋದು ಹೀಗೇ. ನೇರ ರಸ್ತೆಯಲ್ಲಿ ಪೆಡಲ್ ಸರಿ ಇದ್ದು, ತಿರುವು ದಾಟಿದ ಮೇಲಿನ ಮೊದಲ ತುಳಿತ ಮಾತ್ರ ಕೆಳಗೆ ಹೋಗೋ ಕಾರುಗಳಲ್ಲಿ ಇದನ್ನೇ ಮೊದಲು ನೋಡಬೇಕು. ಡಿಸ್ಕ್ ಕೂರೋ ಹಬ್ಬಿನ ತುಕ್ಕು ಕೆರೆಯದೆ ಹೊಸ ಡಿಸ್ಕ್ ಕೂರಿಸಿದ್ದರೂ ಓಲಾಟ ಬರುತ್ತೆ. ಡಯಲ್ ಗೇಜ್ ಇಟ್ಟು ನೋಡಿದಾಗ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗಿರಬೇಕು.

ಗಾಳಿಯ ಲೆಕ್ಕವೂ ಇದೆ: ಲೈನಿನಲ್ಲಿ 1 ಮಿ.ಲೀ. ಗುಳ್ಳೆ ಉಳಿದಿದ್ದರೆ 10 ಬಾರ್ ಒತ್ತಡಕ್ಕೇ ಅದು ಹತ್ತನೇ ಒಂದು ಭಾಗಕ್ಕೂ ಕಮ್ಮಿಯಾಗಿ ಕುಗ್ಗುತ್ತೆ. ಪೆಡಲ್ಲಿನಲ್ಲಿ ಅದು ಸುಮಾರು 11 ಮಿ.ಮೀ.

ಹತ್ತರ ಸ್ಪ್ಯಾನರ್

ಹಾಗಾದರೆ ಡ್ರಮ್ ಬಿಚ್ಚಿ. ಹೊಸ ಶೂ ಹಾಕಿದ ಮೇಲೆ ಪೆಡಲ್ ಇಳಿದಿದೆ ಅಂದ್ರೆ ಶೂಗೂ ಡ್ರಮ್ಮಿಗೂ ನಡುವಿನ ಗ್ಯಾಪ್ ಇಡೋ ಅಡ್ಜಸ್ಟರ್ ಹೊಂದಿಸದೆ ಡ್ರಮ್ ಮುಚ್ಚಿದ್ದಾರೆ, ಇಲ್ಲಾ ಅಡ್ಜಸ್ಟರ್ ತಪ್ಪಾಗಿ ಕೂತಿದೆ. ಆಟೋಮ್ಯಾಟಿಕ್ ಅಡ್ಜಸ್ಟರ್ ಇದೆಯಲ್ಲ, ಓಡ್ತಾ ಓಡ್ತಾ ತಾನೇ ಸರಿಹೋಗುತ್ತೆ ಅನ್ನೋದನ್ನ ನಂಬಬೇಡಿ. ಅದು ಸವೆತಕ್ಕೆ ತಕ್ಕ ಹಾಗೆ ಒಂದೊಂದು ಹಲ್ಲು ಮುಂದೆ ಹೋಗೋಕೆ ಇರೋದು. ಶುರುವಿನ ಗ್ಯಾಪ್ ನಾವೇ ಇಡಬೇಕು.

ಮೊದಲ ಕೆಲಸ, ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡೋದು. ಎಷ್ಟೋ ಕಾರಿನಲ್ಲಿ ಇಲ್ಲೇ ಎಡವಟ್ಟಾಗಿರುತ್ತೆ. ಶೂ ಸಡಿಲ ಇದ್ದಾಗ ಹ್ಯಾಂಡ್‌ಬ್ರೇಕ್ ಮೇಲಕ್ಕೆ ಬರುತ್ತೆ ಅಂತ ಕೇಬಲ್ ಬಿಗಿ ಮಾಡಿಬಿಡ್ತಾರೆ. ಆಗ ಶೂ ಮೇಲಿನ ಲಿವರ್ ತನ್ನ ನಿಲುಗಡೆಗೆ ವಾಪಸ್ ಹೋಗಲ್ಲ, ಅಡ್ಜಸ್ಟರ್ ಕೆಲಸ ಮಾಡೋದೇ ನಿಲ್ಲುತ್ತೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತೆ, ಪೆಡಲ್ ಮಾತ್ರ ದಿನೇ ದಿನೇ ಇಳಿಯುತ್ತೆ.

ಡ್ರಮ್ ತೆಗೆದ ಮೇಲೆ ಅಡ್ಜಸ್ಟರ್ ಕಡ್ಡಿ ನೋಡಿ. ಸ್ಟಾರ್ ವೀಲ್ (ತಿರುಗಿಸಿದರೆ ಕಡ್ಡಿ ಉದ್ದ, ಗಿಡ್ಡ ಆಗೋ ಹಲ್ಲಿನ ಚಕ್ರ) ಇರೋ ಥರದ್ದಾದರೆ ಕಾರಿನ ಒಂದು ಕಡೆಗೆ ಬಲ ಥ್ರೆಡ್, ಇನ್ನೊಂದು ಕಡೆಗೆ ಎಡ ಥ್ರೆಡ್ ಇರುತ್ತೆ. ಅದಲು ಬದಲಾಗಿ ಕೂರಿಸಿದರೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಕಡ್ಡಿ ಉದ್ದವಾಗೋ ಬದಲು ಗಿಡ್ಡವಾಗುತ್ತೆ. ಎರಡೂ ಕಡೆ ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಈ ತಪ್ಪು ಆಗೋದು ಸುಲಭ. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚೋದು ಒಳ್ಳೇದು. ಸ್ಟಾರ್ ವೀಲ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಥ್ರೆಡ್ ತುಕ್ಕು ಹಿಡಿದಿದ್ದರೆ ತೊಳೆದು ತೆಳುವಾಗಿ ಬಿಸಿ ತಡೆಯೋ ಗ್ರೀಸ್ ಹಚ್ಚಿ. ಗ್ರೀಸ್ ಲೈನಿಂಗಿಗೆ ತಗಲಬಾರದು.

ಡ್ರಮ್ ಒಳವ್ಯಾಸವನ್ನೂ ಕೂರಿಸಿದ ಶೂಗಳ ಹೊರವ್ಯಾಸವನ್ನೂ ವರ್ನಿಯರಿನಲ್ಲಿ ಅಳೆಯಿರಿ. ಶೂ ಸುಮಾರು ಅರ್ಧ ಮಿ.ಮೀ. ಚಿಕ್ಕದಿರೋ ಹಾಗೆ ಸ್ಟಾರ್ ವೀಲ್ ತಿರುಗಿಸಿ. ವರ್ನಿಯರ್ ಇಲ್ಲದಿದ್ದರೆ ಡ್ರಮ್ ಹಾಕಿ ತಿರುಗಿಸಿ ನೋಡಿ: ಹಗುರವಾಗಿ ಸರ್ ಸರ್ ಅಂತ ಉಜ್ಜೋ ಸದ್ದು ಬರಬೇಕು, ಕೈಗೆ ತಡೆ ಸಿಗಬಾರದು. ಎರಡೂ ಡ್ರಮ್ ಹಾಕಿ ಪೆಡಲ್ ಹತ್ತಿಪ್ಪತ್ತು ಸಲ ತುಳಿದರೆ ಶೂ ಮಧ್ಯಕ್ಕೆ ಬಂದು ಕೂರುತ್ತೆ. ಮತ್ತೆ ತಿರುಗಿಸಿ ನೋಡಿ, ಸಡಿಲ ಬಂದಿದ್ದರೆ ಮತ್ತೆರಡು ಹಲ್ಲು ಏರಿಸಿ. ಕೇಬಲ್ ಬಿಗಿ ಮಾಡೋದು ಇದೆಲ್ಲ ಮುಗಿದ ಮೇಲೆ.

ಡ್ರಮ್ ಮೇಲೆ ಗರಿಷ್ಠ ವ್ಯಾಸ ಎಷ್ಟು ಅಂತ ಅಚ್ಚು ಹಾಕಿರುತ್ತೆ. ಅದನ್ನ ದಾಟಿದ್ದರೆ ಡ್ರಮ್ ಬದಲಾಯಿಸಿ, ಅಡ್ಜಸ್ಟರಿನಿಂದ ಸರಿದೂಗಿಸೋಕೆ ಹೋಗಬೇಡಿ. ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಮೆಲ್ಲಗೆ ಎತ್ತಿ ನೋಡಿ, ಒಳಗೆ ಆಯಿಲ್ ನಿಂತಿದ್ದರೆ ಅದೂ ಹೋಗಿದೆ.

ಇಳಿಜಾರು

ಮಧ್ಯೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ. ಪೆಡಲ್ ಬೆಳಗ್ಗೆ ಗಟ್ಟಿ ಇದ್ದು, ಘಾಟಿ ಇಳಿಯುವಾಗ ಮಾತ್ರ ಮೆತ್ತಗಾಗಿ, ತಣ್ಣಗಾದ ಮೇಲೆ ಸರಿಹೋದರೆ ಅದು ಯಾವ ಥರ?

ಬಿಸಿ ಡಿಸ್ಕ್

ಅದು ಆಯಿಲ್ ಕುದಿಯೋದು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತೆ, ತೇವ ಸೇರಿದಷ್ಟೂ ಕುದಿಬಿಂದು ಇಳಿಯುತ್ತೆ. ಮಾನದಂಡದ ಪ್ರಕಾರ ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದಾಗ 140. ಡಾಟ್ 4 ಆದರೆ 230 ಮತ್ತು 155. ಡಾಟ್ 5.1 ಆದರೆ 260 ಮತ್ತು 180. ಇಲ್ಲಿ ತೇವ ಅಂದ್ರೆ ನೂರಕ್ಕೆ 3.7 ಭಾಗ ನೀರು. ಕ್ಯಾಲಿಪರ್ ಕಾದು ಒಳಗಿನ ಆಯಿಲ್ ಕುದಿದರೆ ಆವಿಯ ಗುಳ್ಳೆ ಹುಟ್ಟುತ್ತೆ, ಆವಿ ಗಾಳಿಯಷ್ಟೇ ಕುಗ್ಗುತ್ತೆ. ತಣ್ಣಗಾದಾಗ ಗುಳ್ಳೆ ಮಾಯ. ಹಾಗಾಗಿ ಗ್ಯಾರೇಜಿಗೆ ಬಂದಾಗ ಏನೂ ಕಾಣಲ್ಲ, ಆದರೆ ಮುಂದಿನ ಇಳಿಜಾರಿನಲ್ಲಿ ಅದೇ ಆಗುತ್ತೆ. ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ.

ಆಯಿಲ್ ಪೂರ್ತಿ ಬದಲಾಯಿಸಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ರೂಢಿ, ನಿಮ್ಮ ಕಾರಿನ ಪುಸ್ತಕದಲ್ಲಿ ಅದಕ್ಕಿಂತ ಬೇಗ ಅಂದಿದ್ದರೆ ಅದೇ ಸರಿ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಜಾತಿ, ಒಂದಕ್ಕೊಂದು ಬೆರೆಯುತ್ತೆ. ಡಾಟ್ 5 ಸಿಲಿಕೋನ್, ಅದು ಇವುಗಳ ಜೊತೆ ಬೆರೆಯಲ್ಲ, ಎಬಿಎಸ್ ಕಾರಿಗೆ ಹಾಕಬೇಡಿ. ತೆರೆದಿಟ್ಟು ಹಳೇದಾದ ಬಾಟಲಿಯ ಆಯಿಲ್ ಕೂಡ ಬೇಡ.

ಅದರ ಜೊತೆಗೆ ಬ್ರೇಕ್ ಯಾಕೆ ಅಷ್ಟು ಕಾದಿತು ಅಂತಲೂ ನೋಡಿ. ಸಿಕ್ಕಿಕೊಂಡ ಕ್ಯಾಲಿಪರ್ ಪಿನ್, ವಾಪಸ್ ಬರದ ಪಿಸ್ಟನ್, ಬೂಸ್ಟರಿಗೂ ಮಾಸ್ಟರಿಗೂ ನಡುವಿನ ಪುಶ್‌ರಾಡ್ ಉದ್ದವಾಗಿರೋದು, ಇವುಗಳಿಂದ ಬ್ರೇಕ್ ಸದಾ ಉಜ್ಜುತ್ತಾ ಕಾಯುತ್ತೆ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಇಂಜಿನ್ನಿಗೂ ಕೆಲಸ ಕೊಡಿ.

ಕರಿಗ್ರೀಸ್

ಆಯಿಲ್ ವಿಷಯ ಬಂತು ಅಂತ ಒಂದು ಮಾತು ಸೇರಿಸ್ತೀನಿ. ಡಬ್ಬಿಗೆ ಯಾರಾದರೂ ಇಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಸುರಿದಿದ್ದರೆ ರಬ್ಬರೆಲ್ಲ ಊದಿಕೊಳ್ಳುತ್ತೆ. ಮುಚ್ಚಳದೊಳಗಿನ ರಬ್ಬರ್ ದೊಡ್ಡದಾಗಿ ಜಾಗದಲ್ಲಿ ಕೂರದೇ ಇದ್ದರೆ ಅದೇ ಮೊದಲ ಸುಳಿವು. ಒಂದು ಲೋಟ ನೀರಿಗೆ ಡಬ್ಬಿಯ ಆಯಿಲ್ ಸ್ವಲ್ಪ ಹಾಕಿ ಕಲಕಿ: ಬ್ರೇಕ್ ಆಯಿಲ್ ನೀರಲ್ಲಿ ಬೆರೆತುಹೋಗುತ್ತೆ, ಬೇರೆ ಆಯಿಲ್ ತೇಲುತ್ತೆ. ತೇಲಿದರೆ ಬರೀ ತೊಳೆದು ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಮಾಸ್ಟರ್, ಕ್ಯಾಲಿಪರ್, ವೀಲ್ ಸಿಲಿಂಡರ್ ಸೀಲುಗಳು, ಹೋಸ್ ಎಲ್ಲ ಬದಲಾಗಬೇಕು, ಎಬಿಎಸ್ ಘಟಕವೂ ಅದರಲ್ಲಿ ಸೇರುತ್ತೆ.

ನಾಲ್ಕನೇ ಗೇರ್

ಡ್ರಮ್ ಬಿಚ್ಚಿಸಿದೆ. ಕೇಬಲ್ ಬಿಗಿ ಮಾಡಿದ್ದರು, ಸ್ಟಾರ್ ವೀಲ್ ಎರಡೂ ಕಡೆ ಪೂರ್ತಿ ಒಳಗೇ ಇತ್ತು. ಅಡ್ಜಸ್ಟ್ ಮಾಡಿದ ಮೇಲೆ ಮೊದಲ ತುಳಿತಕ್ಕೇ ಪೆಡಲ್ ಮೇಲೆ ಸಿಗ್ತಿದೆ. ಆದರೆ ಕೊನೆಯಲ್ಲಿ ಬಗ್ಗೋದು ಹಾಗೇ ಇದೆ. ಇನ್ನೂ ಗಾಳಿ ಇರಬಹುದಾ?

ಹತ್ತರ ಸ್ಪ್ಯಾನರ್

ಇರಬಹುದು, ಆದರೆ ಊಹಿಸೋದು ಬೇಡ, ಚಕ್ರ ಯಾವುದು ಅಂತ ಹುಡುಕಿ. ಹೋಸ್ ಹಿಡಿಯೋಕೆಂದೇ ನುಣುಪಾದ ದವಡೆಯ ಕ್ಲ್ಯಾಂಪ್ ಬರುತ್ತೆ. ನಾಲ್ಕೂ ರಬ್ಬರ್ ಹೋಸ್ ಮುಚ್ಚಿ ಪೆಡಲ್ ತುಳಿಯಿರಿ, ಗಟ್ಟಿಯಾಗಬೇಕು. ಆಮೇಲೆ ಒಂದೊಂದೇ ಕ್ಲ್ಯಾಂಪ್ ಬಿಚ್ಚುತ್ತಾ ತುಳಿದು ನೋಡಿ. ಯಾವ ಚಕ್ರದ್ದು ಬಿಚ್ಚಿದಾಗ ಪೆಡಲ್ ಇಳಿಯುತ್ತೋ ತೊಂದರೆ ಅಲ್ಲಿದೆ.

ಕರಿಗ್ರೀಸ್

ಕ್ಲ್ಯಾಂಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹಳೇ ಹೋಸ್ ಒತ್ತಿದರೆ ಒಳಪದರ ಸೀಳುತ್ತೆ, ಆಮೇಲೆ ಆಯಿಲ್ ಹೋಗುತ್ತೆ ಆದರೆ ವಾಪಸ್ ಬರಲ್ಲ, ಆ ಚಕ್ರ ಹಿಡಿದೇ ಇರುತ್ತೆ. ಕೆಲವು ತಯಾರಕರು ಹೋಸ್ ಒತ್ತಲೇಬಾರದು ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ. ಸ್ಟೀಲ್ ಹೆಣಿಗೆಯ ಹೋಸ್ ಆದರೆ ಮುಟ್ಟೋದೇ ಬೇಡ. ಐದಾರು ವರ್ಷ ದಾಟಿದ ಹೋಸ್ ಆದರೆ ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಹೋಸ್ ಮೇಲೆ ಬೆರಳಿಟ್ಟು ಉಬ್ಬುತ್ತಾ ನೋಡಿ, ಬಿರುಕಿದ್ದರೆ ಪರೀಕ್ಷೆ ಬಿಟ್ಟು ನೇರ ಬದಲಾಯಿಸಿ.

ಹತ್ತರ ಸ್ಪ್ಯಾನರ್

ಒಪ್ಪಿದೆ. ಹೋಸ್ ಹೊಸದಿದ್ದು, ಕ್ಲ್ಯಾಂಪ್ ಸರಿಯಾದದ್ದಿದ್ದರೆ ಮಾತ್ರ. ಲಾಕಿಂಗ್ ಪ್ಲೈಯರಿನಲ್ಲಿ ಯಾವತ್ತೂ ಹಿಡಿಯಬೇಡಿ.

ಅದಕ್ಕೂ ಮುಂಚೆ ನಾಲ್ಕನೇ ಗೇರ್ ಸರ್, ಮುಂದಿನ ಕ್ಯಾಲಿಪರ್ ಕಣ್ಣಲ್ಲಿ ನೋಡಿ. ಗಾಳಿ ಹೊರಬಿಡೋ ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ಮೇಲ್ಭಾಗದಲ್ಲಿ ಇರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಎಷ್ಟೋ ಕಾರಿನಲ್ಲಿ ಕೂತುಬಿಡುತ್ತೆ, ಆದರೆ ನಿಪ್ಪಲ್ ಕೆಳಗೆ ಬರುತ್ತೆ. ಆಗ ಗಾಳಿ ಮೇಲೆ, ಬಾಯಿ ಕೆಳಗೆ. ಲೀಟರ್‌ಗಟ್ಟಲೆ ಆಯಿಲ್ ಬಿಟ್ಟರೂ ಗುಳ್ಳೆಯಿಲ್ಲದ ಆಯಿಲೇ ಬರುತ್ತೆ, ಗಾಳಿ ಅಲ್ಲೇ ಕೂತಿರುತ್ತೆ.

ಏರ್ ತೆಗೆಯೋ ಕ್ರಮ. ಡಬ್ಬಿಯ ಹಳೇ ಆಯಿಲ್ ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿ, ಕೊಳಕು ಆಯಿಲ್ ಲೈನಿಗೆ ಹೋಗಬಾರದು. ಪಾರದರ್ಶಕ ಟ್ಯೂಬ್ ನಿಪ್ಪಲ್ಲಿಗೆ ಹಾಕಿ ಇನ್ನೊಂದು ತುದಿ ಬಾಟಲಿಯ ಆಯಿಲ್ ಒಳಗೆ ಮುಳುಗಿರಲಿ. ಒಳಗಿರೋರು ಮೆಲ್ಲಗೆ ತುಳಿದು ಹಿಡಿದ ಮೇಲೆ ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು, ಹರಿವು ನಿಲ್ಲೋ ಮುಂಚೆ ಮುಚ್ಚಬೇಕು, ಮುಚ್ಚಿದೆ ಅಂತ ಕೂಗಿದ ಮೇಲೆಯೇ ಕಾಲು ಬಿಡಬೇಕು. ಮುಚ್ಚೋ ಮುಂಚೆ ಕಾಲು ಬಿಟ್ಟರೆ ಹೊರಬಂದ ಗಾಳಿ ವಾಪಸ್ ಒಳಗೆ ಹೋಗುತ್ತೆ. ಪಟಪಟ ಅಂತ ಪಂಪ್ ಮಾಡಬೇಡಿ, ದೊಡ್ಡ ಗುಳ್ಳೆ ಒಡೆದು ನೊರೆಯಾಗಿ ಹೊರಬರೋದು ಇನ್ನೂ ಕಷ್ಟವಾಗುತ್ತೆ. ಹಿಂದಿನ ಚಕ್ರಕ್ಕೆ 150 ಮಿ.ಲೀ., ಮುಂದಿನದಕ್ಕೆ 100 ಮಿ.ಲೀ. ಆಸುಪಾಸು ಬಿಡಿ, ಒಂದು ಲೀಟರ್ ಕೈಯಲ್ಲಿದ್ದರೆ ಸಾಕಾಗುತ್ತೆ. ಡಬ್ಬಿ ಕನಿಷ್ಠ ಗೆರೆಗಿಂತ ಕೆಳಗೆ ಹೋಗೋಕೆ ಬಿಡಬೇಡಿ.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ, ನೆಲ ಮುಟ್ಟದ ಹಾಗೆ. ಹಳೇ ಮಾಸ್ಟರಿನಲ್ಲಿ ಪಿಸ್ಟನ್ ದಿನಾ ಓಡಾಡೋ ಜಾಗ ಮಾತ್ರ ನುಣುಪಾಗಿರುತ್ತೆ, ಅದರಿಂದ ಆಚೆ ತುಕ್ಕು ಮತ್ತು ಕೊಳೆ. ನೆಲದವರೆಗೆ ತುಳಿದರೆ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತೆ. ಏರ್ ತೆಗೆದ ಮೇಲೆ ಮಾಸ್ಟರ್ ಹೋಯ್ತು ಅಂತ ಕೇಳಿಬರೋ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಸ್ಟೆಪ್ನಿ

ಯಾವ ಚಕ್ರ ಮೊದಲು? ದೂರದ್ದು ಮೊದಲು ಅಂತಾರೆ.

ಕರಿಗ್ರೀಸ್

ಕಾರಿನ ಪುಸ್ತಕದಲ್ಲಿರೋ ಕ್ರಮವೇ ಕೊನೇ ಮಾತು. ಅದು ಸಿಗದಿದ್ದರೆ, ಕರ್ಣರೇಖೆಯಲ್ಲಿ ಸರ್ಕ್ಯೂಟ್ ಇರೋ (ಒಂದು ಹಿಂದಿನ ಚಕ್ರ, ಎದುರು ಮೂಲೆಯ ಮುಂದಿನ ಚಕ್ರ ಒಂದೇ ಆಯಿಲ್ ಲೈನಿನಲ್ಲಿರೋ) ಕಾರಿನಲ್ಲಿ ಮಾಸ್ಟರಿಗೆ ದೂರದ ಹಿಂದಿನ ಚಕ್ರ, ಅದೇ ಸರ್ಕ್ಯೂಟಿನ ಎದುರು ಮೂಲೆಯ ಮುಂದಿನ ಚಕ್ರ, ಆಮೇಲೆ ಇನ್ನೊಂದು ಹಿಂದಿನದು, ಅದರ ಮುಂದಿನದು. ಸ್ಟಿಯರಿಂಗ್ ಬಲಕ್ಕಿದ್ದರೆ ಎಡ ಹಿಂದೆ, ಬಲ ಮುಂದೆ, ಬಲ ಹಿಂದೆ, ಎಡ ಮುಂದೆ.

ವ್ಯಾಕ್ಯೂಮ್ ಪಂಪಿನಿಂದ ಎಳೆಯೋರಿಗೆ ಒಂದು ಸೂಚನೆ: ನಿಪ್ಪಲ್ ಥ್ರೆಡ್ ಸುತ್ತಲಿಂದ ಹೊರಗಾಳಿ ಎಳೆದುಕೊಂಡು ಟ್ಯೂಬಿನಲ್ಲಿ ಗುಳ್ಳೆ ನಿಲ್ಲೋದೇ ಇಲ್ಲ. ಅದನ್ನ ನೋಡಿ ಲೈನಿನಲ್ಲಿ ಇನ್ನೂ ಗಾಳಿ ಇದೆ ಅನ್ಕೋಬೇಡಿ. ಡಬ್ಬಿಯ ಕಡೆಯಿಂದ ಒತ್ತಡ ಕೊಡೋ ಸಾಧನ ಇದ್ದರೆ ನನಗೆ ಅದೇ ಇಷ್ಟ, 1ರಿಂದ 1.5 ಬಾರ್ ಸಾಕು. ಜಾಸ್ತಿ ಕೊಟ್ಟರೆ ಡಬ್ಬಿ ಸಿಡಿದು ಆಯಿಲ್ ಚಿಮ್ಮುತ್ತೆ. ಪೇಂಟ್ ಮೇಲೆ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿದು ತೊಳೆಯಿರಿ.

ಡಬ್ಬಿ ಒಂದು ಸಲ ಖಾಲಿಯಾಗಿದ್ದರೆ ಗಾಳಿ ಎಬಿಎಸ್ ಘಟಕದೊಳಗೆ ಸೇರಿರಬಹುದು. ಒಳಗಿನ ವಾಲ್ವ್ ಮುಚ್ಚೇ ಇರೋದರಿಂದ ಮಾಮೂಲಿ ರೀತಿಯಲ್ಲಿ ಅದು ಬರಲ್ಲ. ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸೋ ಸಾಧನ) ಹಾಕಿ ಎಬಿಎಸ್ ಬ್ಲೀಡಿಂಗ್ ಕಾರ್ಯಕ್ರಮ ಓಡಿಸಿದರೆ ಪಂಪ್, ವಾಲ್ವ್ ಎರಡೂ ಕೆಲಸ ಮಾಡಿ ಗಾಳಿ ಹೊರದೂಡುತ್ತೆ. ಆಮೇಲೆ ನಾಲ್ಕೂ ಚಕ್ರ ಮತ್ತೊಮ್ಮೆ. ಪೆಡಲ್ಲಿಗೂ ಬ್ರೇಕಿಗೂ ನೇರ ಸಂಪರ್ಕ ಇಲ್ಲದ ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಿಗೆ ಈ ಚರ್ಚೆಯಲ್ಲಿ ಹೇಳಿದ ಯಾವ ಕ್ರಮವೂ ಹಾಗೇ ಹೊಂದಲ್ಲ, ಸ್ಕ್ಯಾನರ್ ಇಲ್ಲದೆ ನಿಪ್ಪಲ್ ಮುಟ್ಟಬೇಡಿ.

ನಾಲ್ಕನೇ ಗೇರ್

ನಿಪ್ಪಲ್ ಎರಡೂ ಮೇಲೇ ಇದೆ, ಹೋಸ್ ಉಬ್ಬುತ್ತಿಲ್ಲ. ಡಬ್ಬಿ ಖಾಲಿಯಾಗಿರಲಿಲ್ಲ.

ಬಿಸಿ ಡಿಸ್ಕ್

ಹಾಗಾದರೆ ಪ್ಯಾಡ್ ತೆಗೆದು ನೋಡಿ. ಹೊಸ ಪ್ಯಾಡ್ ಹಾಕಿದ ಮೇಲೆ ಕೊನೆಯಲ್ಲಿ ಬಗ್ಗೋ ಪೆಡಲ್ ಅಂದ್ರೆ ಎಷ್ಟೋ ಸಲ ಪ್ಯಾಡಿನ ಸ್ಟೀಲ್ ತಟ್ಟೆಯೇ ಬಗ್ಗುತ್ತಿರುತ್ತೆ. ಬ್ರಾಕೆಟ್ಟಿನಲ್ಲಿ ಪ್ಯಾಡ್ ಕಿವಿ ಕೂರೋ ಜಾಗದಲ್ಲಿ, ಕ್ಲಿಪ್ ಕೆಳಗೆ ತುಕ್ಕು ಬೆಳೆದಿರುತ್ತೆ. ಪ್ಯಾಡ್ ಬಿಗಿಯಾಗಿ ಓರೆ ಕೂತು, ಒಂದು ಅಂಚು ಮೊದಲು ಡಿಸ್ಕಿಗೆ ತಾಗಿ, ಉಳಿದದ್ದು ಕಾಲಿನ ಬಲಕ್ಕೆ ಬಗ್ಗಿ ಕೂರುತ್ತೆ. ಕ್ಲಿಪ್ ತೆಗೆದು ಕೆಳಗಿನ ತುಕ್ಕು ಕೆರೆದು ಲೋಹ ಕಾಣೋ ಹಾಗೆ ಮಾಡಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು, ಸುತ್ತಿಗೆ ಬೇಕಾಗಬಾರದು. ಹಳೇ ಶಿಮ್ (ಪ್ಯಾಡಿನ ಬೆನ್ನಿಗಿರೋ ತೆಳು ತಗಡು) ಮೇಲೆ ಹೊಸ ಶಿಮ್ ಸೇರಿಸಿದ್ದರೆ ತೆಗೆಯಿರಿ.

ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಎರಡೂ ಕೈಯಲ್ಲಿ ಎಳೆದು ನೋಡಿ. ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ, ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಕಚ್ಚಿಕೊಳ್ಳುತ್ತೆ. ಮೇಲಿನ, ಕೆಳಗಿನ ಪಿನ್ ಬೇರೆ ಬೇರೆ ಇದ್ದರೆ ಅದರದರ ಜಾಗಕ್ಕೇ ಹೋಗಬೇಕು.

ಇವೆಲ್ಲ ಸರಿ ಇದ್ದರೆ ಉಳಿಯೋದು ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳದಿರೋದು. ಅದಕ್ಕೆ ಖಾಲಿ ರಸ್ತೆಯಲ್ಲಿ 60ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮಧ್ಯಮ ಬ್ರೇಕ್ ಹಾಕಿ, ಪ್ರತಿ ಸಲದ ನಡುವೆ ತಣ್ಣಗಾಗೋಕೆ ಬಿಡಿ, ಬಿಸಿ ಇರುವಾಗ ಪೆಡಲ್ ಒತ್ತಿ ನಿಲ್ಲಿಸಬೇಡಿ.

ನಾಲ್ಕನೇ ಗೇರ್

ಎಡಗಡೆ ಒಳಗಿನ ಪ್ಯಾಡ್ ಕೈಯಲ್ಲಿ ಬರಲೇ ಇಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯ್ತು. ಕ್ಲಿಪ್ ಕೆಳಗೆ ತುಕ್ಕಿನ ಪದರವೇ ಇತ್ತು. ಕೆರೆದು ಕೂರಿಸಿದ ಮೇಲೆ ಪೆಡಲ್ ಗಟ್ಟಿಯಾಗಿದೆ. ರಸ್ತೆಗೆ ಇಳಿಸೋ ಮುಂಚೆ ಏನು ನೋಡಬೇಕು?

ಹತ್ತರ ಸ್ಪ್ಯಾನರ್

ಬಿಚ್ಚಿದ ನಿಪ್ಪಲ್ ಪ್ರತಿಯೊಂದನ್ನೂ ಸ್ಪ್ಯಾನರಿನಲ್ಲಿ ಮತ್ತೆ ಮುಟ್ಟಿ ನೋಡಿ. ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಸಾಕು, ಎಳೆದಾಡಿದರೆ ಮುರಿಯುತ್ತೆ. ರಬ್ಬರ್ ಟೋಪಿ ಹಾಕಿ. ಕ್ಯಾಲಿಪರ್ ಬೋಲ್ಟ್, ವೀಲ್ ನಟ್ ಪುಸ್ತಕದ ಬಿಗಿತಕ್ಕೆ. ಇಂಜಿನ್ ಓಡಿಸಿ ಪೆಡಲ್ ಜೋರಾಗಿ ಅರ್ಧ ನಿಮಿಷ ಒತ್ತಿ ಹಿಡಿದಾಗ ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಲಿ. ಡಬ್ಬಿ ಗರಿಷ್ಠ ಗೆರೆಗೆ ತುಂಬಿ, ಹೊಸ ಪ್ಯಾಡ್ ಇರೋದರಿಂದ ಅದೇ ಸರಿಯಾದ ಮಟ್ಟ. ಮುಂದೆ ಪ್ಯಾಡ್ ಸವೆದ ಹಾಗೆ ತಾನೇ ಇಳಿಯುತ್ತೆ, ನಡುವೆ ಸುಮ್ಮನೆ ತುಂಬಬೇಡಿ. ಗೇಟಿನೊಳಗೇ ನಡಿಗೆ ವೇಗದಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ, ಒಂದು ಕಡೆ ಎಳೆಯುತ್ತಾ ನೋಡಿ. ಸ್ವಲ್ಪ ದೂರ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಡಿಸ್ಕ್ ಮುಟ್ಟಬೇಡಿ. ಒಂದು ಚಕ್ರ ಮಾತ್ರ ಬೇರೆಯವಕ್ಕಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಬಿಡ್ತಿಲ್ಲ.

ಸ್ಟೆಪ್ನಿ

ಮಾಸ್ಟರ್ ನಿಜವಾಗಿಯೂ ಹೋಗಿದ್ದು ಹೊಸದು ಹಾಕೋರಿಗೆ ಬೇರೆ ಏನಾದರೂ ಸೂಚನೆ ಇದೆಯಾ?

ಕರಿಗ್ರೀಸ್

ಬೋರ್ ಅಳತೆ ಹಳೇದರದ್ದೇ ಇರಲಿ. 20.64 ಇದ್ದ ಕಡೆ 19.05 ಕೂರಿಸಿದರೆ ಪೆಡಲ್ ಉದ್ದ ಹೋಗುತ್ತೆ, 22.2 ಕೂರಿಸಿದರೆ ಪೆಡಲ್ ಮೇಲೇ ನಿಲ್ಲುತ್ತೆ ಆದರೆ ಕಾಲಿಗೆ ಜಾಸ್ತಿ ಬಲ ಬೇಕು.

ಕಾರಿಗೆ ಹಾಕೋ ಮುಂಚೆ ವೈಸಿನಲ್ಲಿ ಮಟ್ಟವಾಗಿ ಹಿಡಿದು, ಔಟ್‌ಲೆಟ್‌ಗಳಿಂದ ಎರಡು ಟ್ಯೂಬ್ ಡಬ್ಬಿಯೊಳಗಿನ ಆಯಿಲಿಗೆ ಮುಳುಗಿಸಿ, ಮೊಂಡು ಕಡ್ಡಿಯಿಂದ ಪಿಸ್ಟನ್ ನಿಧಾನವಾಗಿ ಒತ್ತಿ ಬಿಡಿ. ಗುಳ್ಳೆ ಪೂರ್ತಿ ನಿಲ್ಲೋವರೆಗೂ ಮಾಡಬೇಕು. ಇದನ್ನ ಬಿಟ್ಟು ನೇರ ಕೂರಿಸಿದರೆ ಮಾಸ್ಟರ್ ಒಳಗಿನ ಗಾಳಿ ಚಕ್ರದವರೆಗೆ ಇಳಿಯದೆ ಅಲ್ಲಲ್ಲೇ ಹಿಂದೆ ಮುಂದೆ ಓಡಾಡ್ತಿರುತ್ತೆ.

ಪೈಪ್ ನಟ್‌ಗೆ ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತೆ, ಪೈಪ್ ನಟ್‌ಗೆಂದೇ ಬರೋ ಸೀಳು ಬಾಯಿಯ ರಿಂಗ್ ಸ್ಪ್ಯಾನರ್ ಬಳಸಿ, 10 ಅಥವಾ 11ರದ್ದು. ನಟ್ ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗೋ ತನಕ ಸ್ಪ್ಯಾನರ್ ಹಾಕಬೇಡಿ. ಥ್ರೆಡ್ ಅಡ್ಡ ಹತ್ತಿದರೆ ಹೊಸ ಮಾಸ್ಟರ್ ಅಲ್ಲಿಗೇ ಹೋಯ್ತು. ಕೂರಿಸೋ ಮುಂಚೆ ಬೂಸ್ಟರ್ ಪುಶ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಪುಸ್ತಕದಲ್ಲಿ ಹೇಳಿದಷ್ಟು ಗ್ಯಾಪ್ ಇದೆಯಾ ಅಳೆಯಿರಿ. ಗ್ಯಾಪ್ ಹೆಚ್ಚಿದ್ದರೆ ಪೆಡಲ್ಲಿನ ಮೊದಲ ಭಾಗ ವ್ಯರ್ಥ. ಗ್ಯಾಪ್ ಇಲ್ಲವೇ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗೋ ರಂಧ್ರ ಮುಚ್ಚೇ ಇರುತ್ತೆ, ಓಡಿಸಿದಷ್ಟೂ ಬ್ರೇಕ್ ತಾನೇ ಹಿಡಿದುಕೊಳ್ಳುತ್ತಾ ಹೋಗುತ್ತೆ.